ನುಣುಪಿನ ಹಿಂದಿನ ಧೂಳು

ನಮ್ಮ ಬೀದರ ಸೀಮೆಯಲ್ಲಿ ಮರ ಉಜ್ಜುವ ಕಾಗದಕ್ಕೆ ‘ರೇಗಮಾಲ್’ ಎನ್ನುತ್ತಾರೆ. ಮೈಸೂರು ಕಡೆಯವರು ಅದನ್ನೇ ‘ಉಪ್ಪು ಕಾಗದ’ ಎಂದು ಕರೆಯುವುದನ್ನು ಕೇಳಿ ನಾನು ಬಿ.ಎಡ್. ಓದುವಾಗ ನಕ್ಕದ್ದುಂಟು. ಕಾಗದದ ಮೇಲೆ ಉಪ್ಪು ಚೆಲ್ಲಿದಂತೆ ಕಾಣುತ್ತದೆಂದು ಅವರು ಆ ಹೆಸರಿಟ್ಟಿರಬೇಕು. ನಮ್ಮ ಹೆಸರಿನ ಹಾದಿ ಇನ್ನೂ ದೂರದ್ದು. ಪಾರಸಿಯಲ್ಲಿ ‘ರೇಗ್’ ಎಂದರೆ ಮರಳು, ‘ಮಾಲ್’ ಎಂದರೆ ತಿಕ್ಕುವುದು, ಒರೆಸುವುದು. ನಮ್ಮ ಹಿರಿಯರು ತಲೆಗೆ ಸುತ್ತುತ್ತಿದ್ದ ರುಮಾಲಿನಲ್ಲಿಯೂ ಇದೇ ‘ಮಾಲ್’ ಇದೆ. ‘ರೂ’ ಎಂದರೆ ಮುಖ. ಮುಖ ಒರೆಸುವ ಬಟ್ಟೆ ರುಮಾಲು. ಒರೆಸುವ ಬಟ್ಟೆ ಗೌರವ ಪಡೆದು ತಲೆಗೇರಿತು. ತಿಕ್ಕುವ ಕಾಗದ ಮಾತ್ರ ಬಡಿಗನ ಚೀಲದಲ್ಲಿಯೇ ಉಳಿಯಿತು.

1948ರ ವರೆಗೆ ನಾವು ನಿಜಾಮನ ರಾಜ್ಯದಲ್ಲಿದ್ದವರು. ಕಚೇರಿಯ ಭಾಷೆ, ಶಾಲೆಯ ಭಾಷೆ ಉರ್ದು. ಆ ಕಾಲದ ಗುರುತು ನಮ್ಮ ಬಡಿಗರ ಚೀಲದಲ್ಲಿ ಇಂದಿಗೂ ಸಿಗುತ್ತದೆ. ಬಾಚಿ, ಉಳಿ, ಕೊಡತಿ ಅಚ್ಚಗನ್ನಡದವು. ಅವುಗಳ ಪಕ್ಕದಲ್ಲಿಯೇ ರಂದಾ, ರೇಗಮಾಲ್ ಕೂತಿರುತ್ತವೆ. ಆದರೆ ಕೆಲಸ ಹೇಳುವ ಕ್ರಿಯಾಪದ ಮಾತ್ರ ಬದಲಾಗಲಿಲ್ಲ. ರೇಗಮಾಲ್ ಹಚ್ಚಿ ‘ತಿಕ್ಕುವುದು’. ಈ ತಿಕ್ಕುವುದು ಎಂಬ ಮಾತು ಹೆಣ್ಣುಮಕ್ಕಳಾದ ನಮಗೆ ಯಾರೂ ಕಲಿಸಬೇಕಾಗಿಲ್ಲ. ಭಾಂಡೆ ತಿಕ್ಕಿ, ಬಟ್ಟೆ ತಿಕ್ಕಿ, ದೇವರ ಸಾಮಾನು ತಿಕ್ಕಿ ಬೆಳೆದವರು ನಾವು. ಹೊಳಪು ಎಂಬುದು ತಾನಾಗಿ ಬರುವುದಿಲ್ಲ, ಯಾರದೋ ತೋಳಿನಿಂದ ಇಳಿದು ಬರುತ್ತದೆ ಎಂಬುದು ನಮಗೆ ಪಾಠವಿಲ್ಲದೆ ಗೊತ್ತು.

ಇಷ್ಟೆಲ್ಲ ಯೋಚನೆ ಬಂದದ್ದು ಒಂದು ತೊಟ್ಟಿಲ ದೆಸೆಯಿಂದ. ಘಾಟಬೋರಾಳದ ನಮ್ಮ ಮನೆಯಲ್ಲಿ ಅತ್ತೆಯವರ ಕಾಲದ ಸಾಗವಾನಿ ತೊಟ್ಟಿಲೊಂದಿದೆ. ನನ್ನ ಯಜಮಾನರು, ಮೈದುನ, ಆಮೇಲೆ ನನ್ನ ಇಬ್ಬರು ಮಕ್ಕಳು ಎಲ್ಲರೂ ಅದರಲ್ಲಿ ಮಲಗಿ ಎದ್ದವರೇ. ಪ್ರತಿ ಕೂಸಿಗೂ ಒಂದೊಂದು ಬಣ್ಣ ಬಳಿದಿದ್ದರು. ಮೇಲೆ ಹಸಿರು, ಅದರ ಕೆಳಗೆ ಕೆಂಪು, ಅದಕ್ಕೂ ಕೆಳಗೆ ಹಳದಿ. ಮೂಲೆಯಲ್ಲಿ ಬಣ್ಣ ಎದ್ದು ಚಕ್ಕೆ ಚಕ್ಕೆಯಾಗಿ ಬಿಡುತ್ತಿತ್ತು. ಮಗಳು ಏಳನೆಯ ತಿಂಗಳಲ್ಲಿ ಕುಬಸಕ್ಕೆಂದು ಬಂದವಳು ಹೆರಿಗೆಗೆ ಇಲ್ಲಿಯೇ ಉಳಿದಳು. ತೊಟ್ಟಿಲನ್ನು ಅಟ್ಟದಿಂದ ಇಳಿಸಿದೆವು. ಮೈದುನ ಅದರ ಸುತ್ತ ಒಮ್ಮೆ ತಿರುಗಿ, “ವೈನಿ, ಗ್ರೈಂಡರಿಗೆ ರೇಗಮಾಲ್ ಚಕ್ರ ಹಚ್ಚಿ ಅರ್ಧಾ ತಾಸಿನಾಗ ಎಲ್ಲಾ ಬಣ್ಣ ಹಾರಸ್ತೀನಿ” ಅಂದ.

“ಹಾರಿದ್ದು ಎಲ್ಲಿ ಹೋಗಿ ಕೂಡತದಪಾ?” ಎಂದು ಕೇಳಿದೆ.

ಅವನು ನಕ್ಕ. ಆದರೆ ನನ್ನ ಪ್ರಶ್ನೆ ನಗೆಯದಾಗಿರಲಿಲ್ಲ. ತೊಟ್ಟಿಲಿಗೆ ಮರ ಉಜ್ಜುವ ಯಂತ್ರ ಕೊಳ್ಳಬೇಕೆಂದು ನಾವಿಬ್ಬರೂ ಒಪ್ಪಿದೆವು. ಯಾವುದು ಎಂಬುದರಲ್ಲಿ ಒಪ್ಪಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದವಳ ಚಾಳಿ, ಯಾವ ವಸ್ತು ಕೊಳ್ಳಬೇಕಾದರೂ ಅದರ ಕುಲ ಗೋತ್ರ ವಿಚಾರಿಸದೆ ಇರಲಾರೆ. ವಿಚಾರಿಸುತ್ತ ಹೋದಂತೆ, ಮನುಷ್ಯ ಮರವನ್ನು ನುಣುಪು ಮಾಡಿದ ಕಥೆಗೆ ಇನ್ನೊಂದು ಮಗ್ಗುಲಿದೆ ಎಂಬುದು ಕಂಡಿತು. ನುಣುಪು ಒಬ್ಬರ ಪಾಲಿಗೆ ಬಂದರೆ ಧೂಳು ಇನ್ನೊಬ್ಬರ ಪಾಲಿಗೆ ಬಂದಿದೆ.

ಪುರಾತನ ಈಜಿಪ್ಟಿನ ಬಡಿಗರಿಗೆ ರಂದಾ ಗೊತ್ತಿರಲಿಲ್ಲ. ಬಾಚಿಯಿಂದ ಕೆತ್ತಿ, ಆಮೇಲೆ ಮರಳುಗಲ್ಲಿನ ತುಂಡಿನಿಂದ ತಿಕ್ಕಿ ತಿಕ್ಕಿ ಅವರು ಅರಮನೆಯ ಪೀಠಗಳನ್ನು ನುಣುಪು ಮಾಡುತ್ತಿದ್ದರು. ರಂದಾದಂಥ ಉಪಕರಣ ರೋಮನರ ಕೈಯಲ್ಲಿತ್ತು, ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೇ ಪಟ್ಟಣದಲ್ಲಿ ಅವು ಸಿಕ್ಕಿವೆ. ಹದಿಮೂರನೆಯ ಶತಮಾನದ ಹೊತ್ತಿಗೆ ಚೀನೀಯರು ಚಿಪ್ಪಿನ ಪುಡಿ, ಬೀಜ, ಮರಳನ್ನು ಮರದ ಅಂಟಿನಿಂದ ಚರ್ಮದ ಹಾಳೆಗೆ ಅಂಟಿಸಿ ಬಳಸುತ್ತಿದ್ದರು. ಕಡಲ ದಂಡೆಯ ಜನ ಶಾರ್ಕ್ ಮೀನಿನ ಒರಟು ಚರ್ಮವನ್ನೇ ರೇಗಮಾಲ್ ಮಾಡಿಕೊಂಡರು.

ನಮ್ಮ ನಾಡಿನಲ್ಲಿ ಈ ಕೆಲಸವನ್ನು ಗಿಡಮರಗಳೇ ಮಾಡಿಕೊಟ್ಟಿವೆ. ಮಲೆನಾಡಿನ ಕಾಡಿನಲ್ಲಿ ಗರಗತ್ತಿ ಎಂಬ ಮರವಿದೆ, ಅತ್ತಿ ಆಲಗಳ ಬಳಗದ್ದು. ಅದರ ಎಲೆ ಮುಟ್ಟಿದರೆ ಬೆಕ್ಕಿನ ನಾಲಿಗೆಯ ಹಾಗೆ ಗರಗರ. ಮರವನ್ನೂ ಆನೆಯ ದಂತವನ್ನೂ ಆ ಎಲೆಯಿಂದ ಉಜ್ಜಿ ಹೊಳಪು ತರುತ್ತಿದ್ದರು. ಚನ್ನಪಟ್ಟಣದ ಗೊಂಬೆ ಮಾಡುವವರು ಆಲೆಮರದ ತುಂಡನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಕೊನೆಗೆ ಕೇದಗೆ ಜಾತಿಯ ಒಣಗಿದ ಎಲೆಯಿಂದ ಒತ್ತಿ ಉಜ್ಜಿದರೆ ಗಾಜಿನಂತೆ ಹೊಳಪು. ಕನ್ನಡದ ‘ಕಡೆಯುವುದು’ ಎಂಬ ಮಾತನ್ನು ಗಮನಿಸಿ. ಮಜ್ಜಿಗೆಯನ್ನೂ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಹಗ್ಗ ಎಳೆದು ಬಿಟ್ಟು ಕಡಗೋಲು ತಿರುಗಿಸುವ ಹಾಗೆಯೇ ಹಳೆಯ ಕಾಲದ ಚರಕಿ ತಿರುಗುತ್ತಿತ್ತು. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಕಾರ್ಖಾನೆಯಲ್ಲಿ. ಭಾಷೆಗೆ ಎರಡೂ ಒಂದೇ. ಈಗ ಚನ್ನಪಟ್ಟಣದಲ್ಲಿ ವಿದ್ಯುತ್ ಚರಕಿಯ ಮುಂದೆ ಹೆಣ್ಣುಮಕ್ಕಳೂ ಕೂತು ಗೊಂಬೆ ಕಡೆಯುತ್ತಾರೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರದು ಬೇರೆಯೇ ಜಾಣತನ. ಹಗುರ ಕಟ್ಟಿಗೆಯ ಗೊಂಬೆಯ ಮೇಲೆ ಹುಣಸೆಬೀಜದ ಅಂಟು ಹಚ್ಚಿ ಬಟ್ಟೆಯ ಚೂರು ಹೊದಿಸಿ, ಬೆಣಚುಕಲ್ಲಿನ ಪುಡಿ ಬೆರೆಸಿದ ಲೇಪ ಬಳಿದು ತಗ್ಗು ದಿಬ್ಬಗಳನ್ನು ಮುಚ್ಚಿಬಿಡುತ್ತಾರೆ. ಕಳೆದು ನುಣುಪು ಮಾಡುವುದು ಒಂದು ದಾರಿಯಾದರೆ, ಕೂಡಿಸಿ ನುಣುಪು ಮಾಡುವುದು ಇನ್ನೊಂದು. ಸೆಗಣಿ ಸಾರಿಸಿ ನೆಲ ನುಣುಪು ಮಾಡಿದ ನಮ್ಮ ಅಜ್ಜಿಯಂದಿರು ಈ ಎರಡನೆಯ ದಾರಿಯವರು.

ಇನ್ನು ನಮ್ಮ ಮನೆಯಂಗಳದ ಮಾತಿಗೆ ಬರುತ್ತೇನೆ. ಹುಮನಾಬಾದಿನ ಹತ್ತಿರ ಜಲಸಂಗ್ವಿ ಎಂಬ ಊರಿದೆ. ಅಲ್ಲಿಯ ಕಲ್ಯಾಣ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯ ಮೇಲೆ ಒಬ್ಬ ಹೆಣ್ಣುಮಗಳಿದ್ದಾಳೆ. ಕನ್ನಡಿ ನೋಡುವವಳಲ್ಲ, ಮುಳ್ಳು ತೆಗೆಸಿಕೊಳ್ಳುವವಳೂ ಅಲ್ಲ. ಆಕೆ ಶಾಸನ ಬರೆಯುತ್ತಿದ್ದಾಳೆ. ಆಕೆ ಬರೆದ ಸಾಲುಗಳು ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುತ್ತವೆ. 1076ರಿಂದ 1126ರ ವರೆಗೆ ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯ ಅವನು. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ನಾನು ಹೇಳುವುದು ಅವಳ ಬರಹದ ಬಗ್ಗೆ. ಈ ಸಲ ಮಾತ್ರ ಅವಳ ತೋಳು, ಬೆನ್ನುಗಳ ನುಣುಪನ್ನು ನೋಡುತ್ತ ನಿಂತೆ. ಉಳಿಯ ಏಟು ಒಂದೂ ಕಾಣದ ಹಾಗೆ ಆ ಕಲ್ಲನ್ನು ಯಾರೋ ತಿಕ್ಕಿದ್ದಾರೆ. ರಾಜನ ಹೆಸರು ಉಳಿದಿದೆ. ತಿಕ್ಕಿದವರ ಹೆಸರು ಎಲ್ಲಿಯೂ ಇಲ್ಲ.

ಆದರೆ ನಮ್ಮ ಸೀಮೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ವಿಕ್ರಮಾದಿತ್ಯ ಹೋಗಿ ಕೆಲವು ದಶಕಗಳಲ್ಲಿಯೇ ಅದೇ ಕಲ್ಯಾಣದಲ್ಲಿ, ಕೆಲಸ ಮಾಡುವವರಿಗೂ ಹೆಸರಿದೆ ಎಂದು ಶರಣರು ತೋರಿಸಿಕೊಟ್ಟರು. ಅವರಲ್ಲಿ ಬಡಿಗನೊಬ್ಬನಿದ್ದ, ಬಾಚಿಕಾಯಕದ ಬಸವಯ್ಯ. ಉಪಕರಣವೇ ಅವನ ಹೆಸರಿಗೆ ಕಳಶವಾಯಿತು. ಅವನ ಹೆಂಡತಿ ಕಾಳವ್ವೆಯೂ ವಚನ ಬರೆದವಳು, ತನ್ನದೇ ಬೇರೆ ಅಂಕಿತ ಇಟ್ಟುಕೊಂಡವಳು. ಬಡಿಗನ ಮನೆಯ ಹೊಟ್ಟು, ಚಕ್ಕೆ ಗುಡಿಸಿ ಒಲೆಗೆ ಹಾಕಿದ ಕೈಯೇ ವಚನವನ್ನೂ ಕಟ್ಟಿರಬೇಕು ಎಂದು ನನಗೆ ಅನಿಸುತ್ತದೆ. ಬಸವಕಲ್ಯಾಣ ನಮ್ಮ ಪಕ್ಕದ ತಾಲೂಕು. ಕಾಳವ್ವೆಯನ್ನು ನೆನೆಯುವುದು ನನಗೆ ದೂರದ ಸಂಬಂಧಿಕಳನ್ನು ನೆನೆದಂತೆ.

ಇನ್ನೊಂದು ದಿಕ್ಕಿಗೆ ಬೀದರ. ಅಲ್ಲಿಯ ಕೋಟೆಯ ರಂಗೀನ್ ಮಹಲನ್ನು ಈಗಿನ ರೂಪಕ್ಕೆ ತಂದವನು ಅಲಿ ಬರೀದ ಶಾಹ. 1542ರಿಂದ 1580ರ ವರೆಗೆ ಆಳಿದವನು. ಕೆತ್ತಿದ ಕಟ್ಟಿಗೆಯ ಕಂಬಗಳು, ಕಪ್ಪು ಕಲ್ಲಿನೊಳಗೆ ಕೂಡಿಸಿದ ಮುತ್ತಿನ ಚಿಪ್ಪು. ಕಲ್ಲು ಮತ್ತು ಚಿಪ್ಪಿನ ನಡುವೆ ಬೆರಳಾಡಿಸಿದರೆ ಸಂದು ಸಿಗಬಾರದು, ಅಂಥ ಕೆಲಸ. ಬಿದರಿಯವರ ಕೆಲಸವೂ ಹೀಗೆಯೇ. ಸತು ಮತ್ತು ತಾಮ್ರದ ಎರಕವನ್ನು ಮೊದಲು ಅರದಿಂದ, ಆಮೇಲೆ ರೇಗಮಾಲಿನಿಂದ ತಿಕ್ಕಬೇಕು. ಬೆಳ್ಳಿ ಕೂಡಿಸಿದ ಮೇಲೆ ಮತ್ತೆ ತಿಕ್ಕಬೇಕು. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕೂಡಿಸಿ ಹಚ್ಚಿದಾಗ ಲೋಹ ಕಪ್ಪಾಗಿ ಬೆಳ್ಳಿ ಬೆಳಗುತ್ತದೆ. ಬಿದರಿ ಹೂದಾನಿ ಕೈಗೆತ್ತಿಕೊಂಡವರು ಬೆಳ್ಳಿಯ ಬಳ್ಳಿಯನ್ನು ಹೊಗಳುತ್ತಾರೆ. ತಿಕ್ಕಿದ್ದನ್ನು ಯಾರೂ ಹೊಗಳುವುದಿಲ್ಲ. ಚೆನ್ನಾಗಿ ತಿಕ್ಕಿದರೆ ತಿಕ್ಕಿದ್ದೇ ಕಾಣುವುದಿಲ್ಲವಲ್ಲ!

ಕಾಗದಕ್ಕೆ ಕಾರ್ಖಾನೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1833ರಲ್ಲಿ ಲಂಡನ್ನಿನ ಜಾನ್ ಓಕಿ ಗಾಜಿನ ಪುಡಿ ಅಂಟಿಸಿದ ಕಾಗದ ತಯಾರಿಸಿ ಮಾರತೊಡಗಿದ. ಮರುವರ್ಷವೇ ಅಮೆರಿಕದ ಐಸಾಕ್ ಫಿಶರ್ ಮರಳು ಕಾಗದಕ್ಕೆ ಪೇಟೆಂಟ್ ಪಡೆದ. 1891ರಲ್ಲಿ ಎಡ್ವರ್ಡ್ ಅಚೆಸನ್ ಎಂಬವನು ಕೃತಕ ವಜ್ರ ಮಾಡುವ ಆಸೆಯಿಂದ ಜೇಡಿಮಣ್ಣು ಮತ್ತು ಇದ್ದಿಲಿನಂಥ ಕೋಕನ್ನು ವಿದ್ಯುತ್ತಿನಿಂದ ಕಾಸಿದ. ವಜ್ರ ಬರಲಿಲ್ಲ, ವಜ್ರಕ್ಕೆ ಸಮೀಪದ ಗಟ್ಟಿತನದ ಹರಳು ಬಂತು. ಅದಕ್ಕೆ ಕಾರ್ಬೊರಂಡಮ್ ಎಂದು ಹೆಸರಿಟ್ಟ. ಅಂಗಡಿಯಲ್ಲಿ ನಾವು ಕೊಳ್ಳುವ ಕಪ್ಪು ರೇಗಮಾಲಿನ ಕಪ್ಪು ಅದರದೇ.

ಅಮೆರಿಕದ ತ್ರೀ ಎಂ ಕಂಪನಿಯ ಕಥೆ ಅಡುಗೆಮನೆಯ ಕಥೆಯಂತಿದೆ. 1902ರಲ್ಲಿ ಐದು ಜನ ಸೇರಿ ಕುರಂದದ ಗಣಿ ಸಿಕ್ಕಿತೆಂದು ಕಂಪನಿ ಕಟ್ಟಿದರು. ಅಗೆದು ತೆಗೆದದ್ದು ಕುರಂದವೇ ಅಲ್ಲ, ಕೆಲಸಕ್ಕೆ ಬಾರದ ಮೆದು ಕಲ್ಲು. ಆಮೇಲೆ ಹೊರಗಿನಿಂದ ಹರಳು ತರಿಸಿ ಕಾಗದ ಮಾಡಿದರು. 1914ರಲ್ಲಿ ಗಿರಾಕಿಗಳ ತಕರಾರು ಶುರುವಾಯಿತು, ಹರಳು ಕಾಗದ ಬಿಟ್ಟು ಉದುರುತ್ತದೆ ಎಂದು. ನೋಡಿದರೆ, ಸ್ಪೇನ್ ದೇಶದಿಂದ ಹಡಗಿನಲ್ಲಿ ಬರುವಾಗ ಪಕ್ಕದ ಪೀಪಾಯಿಯ ಆಲಿವ್ ಎಣ್ಣೆ ಹರಳಿನ ಚೀಲಗಳ ಮೇಲೆ ಚೆಲ್ಲಿತ್ತು. ಎಣ್ಣೆ ಹತ್ತಿದ ಮೇಲೆ ಅಂಟು ಎಲ್ಲಿ ಹಿಡಿಯಬೇಕು? ಹರಳನ್ನೆಲ್ಲ ಹುರಿದು ಎಣ್ಣೆ ಹೋಗಿಸಿದರಂತೆ. ಎಣ್ಣೆ ಚೆಲ್ಲಿದ ರವೆಯನ್ನು ಬಾಣಲೆಗೆ ಹಾಕಿದ ಹಾಗೆ.

ಇದೇ ಕಂಪನಿಗೆ ಫ್ರಾನ್ಸಿಸ್ ಓಕಿ ಎಂಬ ಮಸಿ ತಯಾರಕ ಪತ್ರ ಬರೆದು, ನಿಮ್ಮಲ್ಲಿರುವ ಎಲ್ಲ ಹರಳಿನ ಮಾದರಿ ಕಳಿಸಿರಿ ಎಂದು ಕೇಳಿದ. ಅವನು ನೀರಿನಲ್ಲಿ ನೆನೆದರೂ ಕೆಡದ ರೇಗಮಾಲ್ ಕಂಡುಹಿಡಿದಿದ್ದ. ಕಂಪನಿ ಅದರ ಹಕ್ಕು ಕೊಂಡಿತು, 1921ರಲ್ಲಿ ಆ ಕಾಗದ ಪೇಟೆಗೆ ಬಂತು. ನೀರು ಹಚ್ಚಿ ತಿಕ್ಕಿದರೆ ಧೂಳು ಹಾರುವುದಿಲ್ಲ. ಕಾರಿಗೆ ಬಣ್ಣ ಹಚ್ಚುವ ಕಾರ್ಖಾನೆಗಳು ಅದನ್ನು ಕೂಡಲೇ ಹಿಡಿದುಕೊಂಡವು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ದೊಡ್ಡ ಶೋಧ ಇದು. ತಿಕ್ಕುವವರ ಪುಪ್ಪುಸದ ಬಗ್ಗೆ ಕಾಗದವೇ ಮೊದಲ ಸಲ ಯೋಚಿಸಿದ ಹಾಗಾಯಿತು. ನಮ್ಮ ದೇಶದಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿ 1954ರಲ್ಲಿ ಮದರಾಸಿನಲ್ಲಿ ಶುರುವಾಗಿ ಉಜ್ಜುವ ಸಾಮಗ್ರಿಗಳನ್ನು ಇಲ್ಲಿಯೇ ಮಾಡತೊಡಗಿತು.

ಯಂತ್ರದ ಸಾಲೂ ಹತ್ತಿರ ಹತ್ತಿರ ಇದೇ ಕಾಲದ್ದು. 1895ರಲ್ಲಿ ಜರ್ಮನಿಯ ಫೈನ್ ಕಂಪನಿ ಕೈಯಲ್ಲಿ ಹಿಡಿಯುವ ವಿದ್ಯುತ್ ಬೈರಿಗೆ ಮಾಡಿತು. 1917ರಲ್ಲಿ ಬ್ಲ್ಯಾಕ್ ಆ್ಯಂಡ್ ಡೆಕರ್ ಕಂಪನಿ ಅದಕ್ಕೆ ಪಿಸ್ತೂಲಿನ ಹಿಡಿಕೆ ಮತ್ತು ಕುದುರೆಯ ಪೇಟೆಂಟ್ ಪಡೆಯಿತು. 1926ರಲ್ಲಿ ಪೋರ್ಟರ್ ಕೇಬಲ್ ಕಂಪನಿಯ ಆರ್ಥರ್ ಎಮನ್ಸ್ ಪಟ್ಟಿ ತಿರುಗುವ ಕೈ ಯಂತ್ರ ರೂಪಿಸಿದ. ಇಂದು ಬೆಲ್ಟ್ ಸ್ಯಾಂಡರ್ ಎನ್ನುವುದು ಅದನ್ನೇ. ಇವೆಲ್ಲ ಕಾರ್ಖಾನೆಯವರಿಗೆ ಮಾಡಿದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಬ್ಲ್ಯಾಕ್ ಆ್ಯಂಡ್ ಡೆಕರ್ ಮನೆ ಬಳಕೆಗೆಂದೇ ಬೇರೆ ಸಾಲಿನ ಉಪಕರಣಗಳನ್ನು ತಂದಿತು. ಅಲ್ಲಿಂದ ಯಂತ್ರ ಮನೆಯ ಹೊಸ್ತಿಲು ದಾಟಿತು.

ಹೊಸ್ತಿಲು ದಾಟಿದಾಗ ಧೂಳನ್ನೂ ಜೊತೆಗೆ ತಂದಿತು. ಕೈಯಿಂದ ತಿಕ್ಕುವಾಗ ಹೊಟ್ಟು ಪಾದದ ಮೇಲೆ ಬೀಳುತ್ತಿತ್ತು. ಯಂತ್ರ ಬಂದ ಮೇಲೆ ಅದು ಹಿಟ್ಟಿಗಿಂತ ಸಣ್ಣಗಾಗಿ ಗಾಳಿಯಲ್ಲಿ ನಿಂತಿತು. ಇಂಗ್ಲೆಂಡಿನಲ್ಲಿ ಹೈ ವಿಕೊಂಬ್ ಎಂಬ ಪಟ್ಟಣವಿದೆ, ಕುರ್ಚಿ ಮೇಜುಗಳಿಗೆ ಹೆಸರಾದದ್ದು. 1960ರ ದಶಕದಲ್ಲಿ ಅಲ್ಲಿಯ ಸೀಮೆಯ ವೈದ್ಯರು ಒಂದು ವಿಚಿತ್ರ ಕಂಡರು. ಮೂಗಿನೊಳಗಿನ ಒಂದು ಅಪರೂಪದ ಕ್ಯಾನ್ಸರ್ ಪೀಠೋಪಕರಣದ ಕೆಲಸಗಾರರಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಹತ್ತಾರು ವರ್ಷ ಗಟ್ಟಿ ಮರದ ಧೂಳು ಉಸಿರಾಡಿದವರು ಅವರು. ಕೊನೆಗೆ 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಒಂದು ತೊಟ್ಟಿಲು ತಿಕ್ಕಿದ ಮಾತ್ರಕ್ಕೆ ಯಾರಿಗೂ ಹಾಗಾಗುವುದಿಲ್ಲ, ಹೆದರಬೇಡಿ. ಆದರೆ ದಿನವಿಡೀ ಇದನ್ನೇ ಮಾಡುವ ನಮ್ಮ ಬಡಿಗರ ಮಕ್ಕಳು ಬಾಯಿಗೆ ಒಂದು ಕರವಸ್ತ್ರವನ್ನೂ ಕಟ್ಟದೆ ನಿಂತಿರುವುದನ್ನು ನೋಡಿದಾಗ ನನಗೆ ಆ ಊರು ನೆನಪಾಗುತ್ತದೆ.

ತೊಟ್ಟಿಲಿನ ಮಟ್ಟಿಗೆ ಮರದ ಧೂಳಿಗಿಂತ ಬಣ್ಣದ ಧೂಳು ದೊಡ್ಡ ಅಪಾಯ. ಹಳೆಯ ಕಾಲದ ಎಣ್ಣೆ ಬಣ್ಣಗಳಲ್ಲಿ, ಅದರಲ್ಲಿಯೂ ಹಳದಿ ಕೆಂಪು ಹಸಿರುಗಳಲ್ಲಿ, ಸೀಸ ಬೆರೆಸುವುದು ಸಾಮಾನ್ಯವಾಗಿತ್ತು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಕೆಡುಕು ಮಾಡುತ್ತದೆ; ಬಸುರಿಯ ರಕ್ತದಿಂದ ಹೊಟ್ಟೆಯ ಕೂಸಿಗೂ ಇಳಿಯುತ್ತದೆ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂದು 2016ರಲ್ಲಿ ನಿಯಮ ಮಾಡಿ, 2017ರ ನವೆಂಬರಿನಿಂದ ಜಾರಿಗೆ ತಂದರು. ನಮ್ಮ ತೊಟ್ಟಿಲಿನ ಮೂರು ಬಣ್ಣಗಳೂ ಅದಕ್ಕಿಂತ ಬಹಳ ಹಿಂದಿನವು. ಕೂಸಿಗೆಂದು ಬಳಿದ ಬಣ್ಣವನ್ನು ಕೂಸಿಗೆಂದೇ ತೆಗೆಯಲು ಹೋಗಿ, ಆ ಪುಡಿಯನ್ನು ಕೂಸಿನ ತಾಯಿಯೇ ಉಸಿರಾಡುವಂತಾದರೆ ಹೇಗೆ?

ಮೈದುನನಿಗೆ ಇದನ್ನೆಲ್ಲ ಹೇಳಿದೆ. ಅವನು ಸುಮ್ಮನೆ ಕೇಳಿದ. ಒಳಗಿನಿಂದ ಅತ್ತೆಯವರು, “ಅಕಿ ಹೇಳೂದು ಖರೆ ಅದ. ಧೂಳ ನಿನಗೇನ ಗೊತ್ತು? ಕಸಬರಿಗಿ ಹಿಡದವರಿಗೆ ಗೊತ್ತು” ಅಂದರು. ವಾದ ಅಲ್ಲಿಗೆ ಮುಗಿಯಿತು.

ಬಣ್ಣ ತೆಗೆಯುವುದಕ್ಕೆ ಯಂತ್ರವೇ ಬೇಡವೆಂದು ನಿಶ್ಚಯಿಸಿದೆವು. ಮಗಳನ್ನು ಹದಿನೈದು ದಿನ ಹುಮನಾಬಾದಿಗೆ ನನ್ನ ಅಕ್ಕನ ಮನೆಗೆ ಕಳಿಸಿದೆ. ಹಿತ್ತಿಲಲ್ಲಿ ಪ್ಲಾಸ್ಟಿಕ್ ತಾಡಪತ್ರಿ ಹಾಸಿ, ನೀರಿಗೆ ಕೆಡದ ಕಪ್ಪು ರೇಗಮಾಲನ್ನು ಬಕೆಟ್ಟಿನಲ್ಲಿ ಅದ್ದಿ ಅದ್ದಿ ಮೈದುನನೂ ನಾನೂ ಕೈಯಿಂದಲೇ ತಿಕ್ಕಿದೆವು. ಮೂಗಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಎನ್ 95 ಮುಖಗವಸು. ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆದೆವು. ಬಣ್ಣದ ರಾಡಿಯನ್ನು ಗಿಡದ ಬುಡಕ್ಕೆ ಚೆಲ್ಲದೆ ತಾಡಪತ್ರಿ ಸಮೇತ ಸುತ್ತಿ ಕಟ್ಟಿದೆವು. ಆರು ದಿನ ಹಿಡಿಯಿತು. ಏಳನೆಯ ದಿನ ಹಳದಿಯ ಕೆಳಗಿನಿಂದ ಸಾಗವಾನಿಯ ಜೇನು ಬಣ್ಣ ಹೊರಗೆ ಬಂತು. ಅತ್ತೆಯವರು ಅದನ್ನು ಕೈಯಿಂದ ಸವರಿ ನೋಡಿದರು. ಮದುವೆಯಾಗಿ ಬಂದ ವರ್ಷ ನೋಡಿದ್ದ ಬಣ್ಣವಂತೆ ಅದು.

ಯಂತ್ರದ ಸರದಿ ಬಂದದ್ದು ಬರೀ ಮರ ಉಳಿದ ಮೇಲೆ. ಅಂಗಡಿಯಲ್ಲಿ ನಾಲ್ಕು ಬಗೆ ತೋರಿಸಿದರು. ನಿಮಗೂ ಎಂದಾದರೂ ಬೇಕಾದೀತು, ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಮೈದುನನ ಮೆಚ್ಚಿನ ಗ್ರೈಂಡರ್. ಇದು ಕಬ್ಬಿಣ ಕೊರೆಯಲು ಹುಟ್ಟಿದ್ದು. ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಅದಕ್ಕೆ ರೇಗಮಾಲ್ ಚಕ್ರ ಹಚ್ಚಿ ಮರಕ್ಕೆ ಮುಟ್ಟಿಸಿದರೆ ಕಣ್ಣು ಮಿಟುಕಿಸುವುದರಲ್ಲಿ ಅರ್ಧಚಂದ್ರದ ತಗ್ಗು ಬೀಳುತ್ತದೆ. ಧೂಳು ಹಿಡಿಯುವ ಚೀಲವೂ ಇಲ್ಲ. ಎರಡನೆಯದು ಬೆಲ್ಟ್ ಸ್ಯಾಂಡರ್. ರೇಗಮಾಲಿನ ಪಟ್ಟಿ ಗಿರಣಿಯ ಪಟ್ಟಿಯ ಹಾಗೆ ಒಂದೇ ದಿಕ್ಕಿಗೆ ಓಡುತ್ತದೆ. ಬಾಗಿಲು, ಹಲಗೆ, ದೊಡ್ಡ ಮೇಜು ಇದ್ದವರಿಗೆ ಸರಿ. ಭಾರ ಹೆಚ್ಚು, ಹಸಿವೂ ಹೆಚ್ಚು. ಒಂದೇ ಕಡೆ ನಿಲ್ಲಿಸಿದರೆ ಮರ ತಿಂದುಬಿಡುತ್ತದೆ. ಮೂರನೆಯದು ಚೌಕ ತಳದ ಸಣ್ಣ ಯಂತ್ರ. ಅಂಗಡಿಯ ಮಾಮೂಲಿ ರೇಗಮಾಲ್ ಹಾಳೆಯನ್ನೇ ನಾಲ್ಕು ತುಂಡು ಮಾಡಿ ಒಂದನ್ನು ಸಿಕ್ಕಿಸಬಹುದು. ಮೂಲೆಗೆ ಹೋಗುತ್ತದೆ, ಬೆಲೆ ಕಡಿಮೆ, ಕೆಲಸ ನಿಧಾನ.

ನಾಲ್ಕನೆಯದು ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್. ಐದು ಇಂಚಿನ ದುಂಡು ತಳ. ಅದು ಎರಡು ರೀತಿ ಚಲಿಸುತ್ತದೆ. ತನ್ನ ಸುತ್ತ ತಾನೂ ತಿರುಗುತ್ತದೆ, ಜೊತೆಗೆ ಸಣ್ಣ ಸಣ್ಣ ಸುಳಿಯನ್ನೂ ಹಾಕುತ್ತದೆ. ತಾಟು ತಿಕ್ಕುವಾಗ ನಿಮ್ಮ ಕೈ ಹೇಗೆ ಓಡುತ್ತದೆ ಎಂಬುದನ್ನು ನೆನೆಸಿಕೊಳ್ಳಿ. ಒಂದೇ ಗೆರೆಯ ಮೇಲೆ ಎರಡು ಸಲ ಹೋಗುವುದಿಲ್ಲ. ಅದಕ್ಕೇ ತಾಟಿನ ಮೇಲೆ ಗೀರು ಕಾಣುವುದಿಲ್ಲ. ಈ ಯಂತ್ರದ ಗುಟ್ಟೂ ಅದೇ. ತಳದಲ್ಲಿ ತೂತುಗಳಿವೆ, ಕಾಗದದಲ್ಲಿಯೂ ಅದೇ ಜಾಗಕ್ಕೆ ತೂತು. ಒಳಗಿನ ಸಣ್ಣ ಪಂಖ ಆ ತೂತಿನಿಂದ ಧೂಳನ್ನು ಎಳೆದು ಹಿಂದಿನ ಚೀಲಕ್ಕೆ ತುಂಬುತ್ತದೆ. ಕಾಗದ ಅಂಟಿಸುವುದು ಮಕ್ಕಳ ಬೂಟಿನ ಚರಚರ ಪಟ್ಟಿಯ ರೀತಿ.

ನಾನು ಇದನ್ನೇ ಕೊಂಡೆ. ಅಂಗಡಿಯವರು, “ಮೇಡಂ, ಇದಕ್ಕಿಂತ ಗ್ರೈಂಡರಿಗೆ ತಾಕತ್ತು ಜಾಸ್ತಿ ಅದರೀ” ಎಂದು ಎರಡು ಸಲ ಹೇಳಿದರು. ತಾಕತ್ತಿನ ಲೆಕ್ಕ ಬೇಡ ಎಂದೆ. ನಮ್ಮ ಮನೆಯ ಮಿಕ್ಸರಿಗೆ 750 ವ್ಯಾಟ್ ಬೇಕು. ಈ ಯಂತ್ರಕ್ಕೆ ಮುನ್ನೂರರ ಒಳಗೇ ಸಾಕು. ನಾನು ನೋಡಿದ್ದು ಮೂರೇ ವಿಷಯ. ಧೂಳಿನ ಚೀಲ ಭದ್ರವಾಗಿ ಕೂಡುತ್ತದೆಯೇ, ಮನೆಯ ಧೂಳೆಳೆಯುವ ಯಂತ್ರದ ಕೊಳವೆ ಅದಕ್ಕೆ ಜೋಡಿಸಲು ಬರುತ್ತದೆಯೇ, ಹಿಡಿದರೆ ನನ್ನ ಅಂಗೈಗೆ ಹೊಂದುತ್ತದೆಯೇ. ಈ ಉಪಕರಣಗಳ ಹಿಡಿಕೆಯೆಲ್ಲ ಗಂಡಸರ ಕೈ ಅಳೆದು ಮಾಡಿದ ಹಾಗಿರುತ್ತವೆ. ಹಿಡಿದು ನೋಡದೆ ಹೆಣ್ಣುಮಕ್ಕಳು ಕೊಳ್ಳಬಾರದು.

ಬಳಸುವ ರೀತಿ ಕಷ್ಟವಿಲ್ಲ. ಕಾಗದದ ಹಿಂದಿನ ಅಂಕಿ ಸಣ್ಣದಿದ್ದರೆ ಹರಳು ದಪ್ಪ, ಅಂಕಿ ದೊಡ್ಡದಾದಂತೆ ನಯ. 80ರಿಂದ ಶುರು ಮಾಡಿ 120, 180, 220 ಎಂದು ಏರಬೇಕು. ನಡುವಿನ ಮೆಟ್ಟಿಲು ಹಾರಿದರೆ ಹಿಂದಿನ ಗೀರು ಉಳಿದುಬಿಡುತ್ತದೆ. ಒತ್ತಬಾರದು, ಯಂತ್ರದ ಭಾರವೇ ಸಾಕು. ಸೀರೆ ಉಟ್ಟವರು ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಬಳೆ ತೆಗೆದಿಟ್ಟು, ಜಡೆಯನ್ನು ಮೇಲೆ ಕಟ್ಟಿಕೊಳ್ಳಬೇಕು. ಚೀಲವಿದ್ದರೂ ಮೂಗಿಗೆ ಮುಖಗವಸು ಬೇಕೇ ಬೇಕು. ಕೆಲಸ ಮುಗಿದ ಮೇಲೆ ಕಸಬರಿಗೆ ಹಿಡಿಯಬಾರದು, ಕೂತ ಧೂಳು ಮತ್ತೆ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕು.

ಯಂತ್ರ ಬಂದರೂ ತೊಟ್ಟಿಲಿನ ಅರ್ಧ ಕೆಲಸ ಕೈಗೇ ಉಳಿಯಿತು. ಪಕ್ಕದ ಹಲಗೆ, ತಳದ ಹಲಗೆಗಳನ್ನು ಅದು ಒಂದು ಮಧ್ಯಾಹ್ನದಲ್ಲಿ ಮುಗಿಸಿತು. ಕಡೆದ ಗೂಟಗಳು, ಮೇಲಿನ ಗಿಳಿಯ ಕೆತ್ತನೆ ಅದರ ದುಂಡು ತಳಕ್ಕೆ ಎಟುಕುವಂಥವಲ್ಲ. ನಮ್ಮೂರ ಬಡಿಗರು ಬಂದು ನೋಡಿ, “ಬಾಯಾರ, ಗಿಳಿ ಕೊಕ್ಕಿಗೆ ಮಿಷನ್ ಹಚ್ಚಬ್ಯಾಡ್ರಿ, ಚೂರ ರೇಗಮಾಲ್ ಬಟ್ಟಿಗೆ ಸುತ್ತಿ ತಿಕ್ಕರಿ” ಎಂದು ತೋರಿಸಿಕೊಟ್ಟರು. ಅವರ ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇಲ್ಲ, ಐವತ್ತು ವರ್ಷದಲ್ಲಿ ಸವೆದು ಹೋಗಿವೆ. ಆಧಾರ್ ಯಂತ್ರ ಅವರ ಬೆರಳನ್ನು ಗುರುತಿಸುವುದಿಲ್ಲವಂತೆ. ರೇಷನ್ನಿಗೆ ಪ್ರತಿ ತಿಂಗಳೂ ತಕರಾರು. ಅವರಿಗೆ ಒಂದು ಡಬ್ಬಿ ಮುಖಗವಸು ಕೊಟ್ಟೆ. ಸಂಕೋಚದಿಂದ ಇಸಿದುಕೊಂಡು, ಮಗನಿಗೆ ಕೊಡುತ್ತೇನೆ ಎಂದರು.

ತೊಟ್ಟಿಲಿಗೆ ಮತ್ತೆ ಬಣ್ಣ ಬಳಿಯಲಿಲ್ಲ. ನಮ್ಮ ಹೊಲದ ಅಗಸೆಯ ಎಣ್ಣೆಯನ್ನೇ ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಹಚ್ಚಿ, ಒರೆಸಿ, ಹಲವು ದಿನ ಗಾಳಿಗೆ ಬಿಟ್ಟೆವು. ಅಗಸೆ ಎಣ್ಣೆಯ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಕಾದು ಬೆಂಕಿ ಹತ್ತಬಲ್ಲುದು. ಬಿಡಿಸಿ ಹರವಿ ಒಣಗಿಸಬೇಕು.

ಈಗ ಆ ತೊಟ್ಟಿಲಲ್ಲಿ ಮೊಮ್ಮಗಳಿದ್ದಾಳೆ. ಹಲ್ಲು ಬರುವ ಹೊತ್ತು, ಸಿಕ್ಕ ಅಂಚನ್ನೆಲ್ಲ ಕಚ್ಚುತ್ತಾಳೆ. ಕಚ್ಚಲಿ ಎಂದು ನಾವು ಸುಮ್ಮನಿದ್ದೇವೆ. ಯಂತ್ರ ಮೈದುನನ ಕೋಣೆಯಲ್ಲಿದೆ. ಅವನು ಅದನ್ನು ಬಳಸಿದಾಗಲೆಲ್ಲ ಚೀಲ ಬಿಚ್ಚಿ ಹಿತ್ತಿಲಿಗೆ ಒಯ್ದು ತಾನೇ ಖಾಲಿ ಮಾಡುತ್ತಾನೆ, ಒದ್ದೆ ಬಟ್ಟೆಯಿಂದ ನೆಲವನ್ನೂ ತಾನೇ ಒರೆಸುತ್ತಾನೆ.